ಆವರೇಜ್ ತಿಂದವರು

ನಮ್ಮ ಕಡೆ ಲಾರಿಯವರು ಮೈಲೇಜ್ ಎನ್ನುವುದಿಲ್ಲ, ಆವರೇಜ್ ಎನ್ನುತ್ತಾರೆ. ಇಬ್ಬರು ಡ್ರೈವರುಗಳು ಎದುರಾದರೆ ಮೊದಲು ಕೇಳುವುದು ಗಾಡಿಯ ಆವರೇಜ್. ಹೆಂಡತಿ ಮಕ್ಕಳ ಆರೋಗ್ಯ ಆಮೇಲೆ. ಒಂದು ಸಲ ನನ್ನ ನೌಕರಿಯೇ ಆ ಪದಕ್ಕೆ ಜೋತುಬಿದ್ದಿತ್ತು.

ನಾನಾಗ ಹೊಸಪೇಟೆಯ ಹೊರಗಿನ ಒಂದು ಸಣ್ಣ ಶೆಡ್ಡಿನಲ್ಲಿ ಸೂಪರ್‌ವೈಸರ್. ಹೋಟೆಲು, ಬಜ್ಜಿ ಬಂಡಿಗಳಲ್ಲಿ ಕರಿದು ಉಳಿದ ಎಣ್ಣೆ ತಂದು, ಸೋಸಿ, ಬಯೋಡೀಸೆಲ್ ಮಾಡುತ್ತಿದ್ದೆವು. ಅದು ಇಪ್ಪತ್ತು ಪಾಲು, ಮಾಮೂಲಿ ಡೀಸೆಲ್ ಎಂಬತ್ತು ಪಾಲು ಬೆರೆಸಿ ಲಾರಿಗೆ ಹಾಕಬೇಕು. ಎಣ್ಣೆ ಇತ್ತು, ಕೊಳ್ಳುವವರಿರಲಿಲ್ಲ. ಸಂಡೂರಿನ ನಾಲ್ವರು ಲಾರಿ ಮಾಲೀಕರು ಮಾತ್ರ, "ಮೊದ್ಲು ಒಂದ್ ಗಾಡಿಗೆ ಹಾಕಿ ತಿಂಗ್ಳು ಓಡ್ಸಿ ತೋರ್ಸ್ರಿ. ಆವರೇಜ್ ಬಿದ್ರ ಬ್ಯಾಡ" ಎಂದರು. ಅವರೂ ಬೇಡವೆಂದರೆ ಶೆಡ್ಡಿಗೆ ಬೀಗ ಎಂದು ನಮ್ಮ ಸಾಹುಕಾರರು ಹೇಳಿಬಿಟ್ಟರು. ನನಗೆ ಆಗಷ್ಟೇ ಮಗಳು ಹುಟ್ಟಿದ್ದಳು.

ಸ್ವಂತ ಗಾಡಿಯನ್ನು ಈ ಪರೀಕ್ಷೆಗೆ ಕೊಡುವ ಪುಣ್ಯಾತ್ಮ ಸಿಕ್ಕಿದ್ದು ಮನೆಯಲ್ಲೇ. ನನ್ನ ಸೋದರಮಾವ ತೋರಣಗಲ್ಲಿನ ಕಾರ್ಖಾನೆಗೆ ತಮ್ಮ ಹಳೆಯ ಲಾರಿಯಲ್ಲಿ ಅದಿರು ಹೊಡೆಯುತ್ತಿದ್ದರು. ಮೊದಲ ದಿನ ಟ್ಯಾಂಕು ತುಂಬಿಸಿ ಚಾಲೂ ಮಾಡಿದರೆ ಸೈಲೆನ್ಸರಿನಿಂದ ಘಮ್ಮೆಂದು ಮಿರ್ಚಿ ಬಜ್ಜಿಯ ವಾಸನೆ! ಮಾವ ಕಣ್ಣುಮುಚ್ಚಿ ಉಸಿರೆಳೆದುಕೊಂಡು, "ಮಸ್ತ್ ಐತಿ ಅಳಿಯಾ, ತಿಂಗ್ಳಲ್ಲ, ವರ್ಷ ಓಡಸ್ತೀನಿ" ಎಂದರು. ನನ್ನ ಮೇಲೆ ಎಂಥ ಪ್ರೀತಿ ಎಂದು ನಾನು ಉಬ್ಬಿಹೋದೆ.

ತಿಂಗಳ ಕೊನೆಗೆ ಆವರೇಜ್ ಧೊಪ್ಪನೆ ಬಿದ್ದಿತ್ತು. ಈ ಎಣ್ಣೆಯಲ್ಲಿ ಕೂದಲೆಳೆಯಷ್ಟು ಇಳಿಯುತ್ತದೆಂದು ಗೊತ್ತಿತ್ತು. ಇದು ಇಡೀ ಜಡೆಯೇ ಹೋದಂತಿತ್ತು. ಫಿಲ್ಟರ್ ಬದಲಿಸಿದೆ, ಟೈರಿಗೆ ಗಾಳಿ ಹಿಡಿಸಿದೆ, ಎಣ್ಣೆ ಸೋಸುವವರಿಗೆಲ್ಲ ಬೈದೆ. ಮಾಲೀಕರು ಬರುವ ಹಿಂದಿನ ದಿನ, ನೋಡೇಬಿಡೋಣವೆಂದು ಮಾವನ ಪಕ್ಕ ಹತ್ತಿ ಕುಳಿತೆ.

ಗಾದಿಗನೂರು ಬರುತ್ತಿದ್ದಂತೆ ಲಾರಿ ತಾನಾಗಿಯೇ ಎಂಬಂತೆ ಎಡಕ್ಕೆ ಹೊರಳಿ ಒಂದು ಬಂಡಿಯ ಮುಂದೆ ನಿಂತಿತು. ಮಾವ ಬಾಯಿ ತೆರೆಯುವ ಮೊದಲೇ ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ಮೇಲೆ ನಾಲ್ಕು ಮಿರ್ಚಿ ಬಂತು. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು.

"ಬಂದ್ ಮಾಡ್ರಿ ಮಾವಾ!"

"ಬಂದ್ ಮಾಡಿದ್ರ ತಿರುಗಿ ಚಾಲೂ ಆಗಂಗಿಲ್ಲಲೇ. ಸೆಲ್ಫ್ ವೀಕೈತಿ."

ಮುಕ್ಕಾಲು ಗಂಟೆ! ವಾಪಸ್ ಬರುವಾಗ ಇನ್ನೊಂದು ಪ್ಲೇಟು, ಇನ್ನೊಂದು ಮುಕ್ಕಾಲು ಗಂಟೆ. ತಿಂಗಳಿಡೀ ಇದೇ ನಡೆದಿತ್ತು.

"ಏನ್ ಮಾಡ್ಲಿ ಅಳಿಯಾ? ನಿನ್ನ ಎಣ್ಣಿ ವಾಸನಿ ಮೂಗಿಗೆ ಬಡಿದ್ರ ಹೊಟ್ಟಿ ಕೇಳಂಗಿಲ್ಲ. ಡಾಕ್ಟ್ರು ಕರಿದಿದ್ದು ಬ್ಯಾಡಂದಾರ. ನಿಮ್ಮತ್ತಿ ಮನ್ಯಾಗ ಬಾಣಲಿನ ಅಟ್ಟಕ್ಕ ಹಾಕ್ಯಾಳ. ಅಂಗಿ ಯಾಕ ಬಜ್ಜಿ ವಾಸನಿ ಬರ್ತೈತಿ ಅಂತ ಕೇಳಿದ್ರ, ಅಳಿಯನ ಡೀಸೆಲ್ ಅಂತೀನಿ. ನಂಬ್ಯಾಳ."

ನನಗೆ ಮೈಯೆಲ್ಲ ಉರಿಯಿತು. ಪ್ರೀತಿಯಂತೆ ಪ್ರೀತಿ! ಈ ಮನುಷ್ಯ ನನ್ನ ನೌಕರಿಯನ್ನು ಒಗ್ಗರಣೆಗೆ ನಂಚಿಕೊಂಡು ತಿನ್ನುತ್ತಿದ್ದ. ಆದರೂ ಅವರು ಕೈಹಿಡಿದು, "ನಿಮ್ಮತ್ತಿಗೆ ಹೇಳಬ್ಯಾಡಪಾ" ಎಂದು ಅಂಗಲಾಚಿದಾಗ, ನನ್ನನ್ನು ಎತ್ತಿ ಆಡಿಸಿದ ಕೈಯಲ್ಲವೇ ಎಂದು ಮಾತು ಕೊಟ್ಟು ಕೆಟ್ಟೆ.

ಮರುದಿನ ಮಾವನ ಮನೆಯ ಅಂಗಳದಲ್ಲಿ ಮಾಲೀಕರು ಸೇರಿದರು. ಅತ್ತೆ ಚಹಾ ತಂದರು. ಅವರ ಎದುರು ನಾನು ಹೇಗೆ ಬಾಯಿಬಿಡಲಿ? ಹಿರಿಯ ಮಾಲೀಕರು ಆವರೇಜ್ ಬರೆದ ಚೀಟಿ ನೋಡಿ, "ಭಾಳ ಬಿದ್ದೈತ್ರಿ. ನಮಗ ಬ್ಯಾಡ" ಎಂದು ಎದ್ದರು. ಉಳಿದವರೂ ಎದ್ದು ಚಪ್ಪಲಿ ಹುಡುಕತೊಡಗಿದರು.

"ಕುಂದ್ರಿ" ಎಂದರು ಮಾವ. "ಡೀಸೆಲ್‌ದು ತಪ್ಪಿಲ್ರಿ. ಆವರೇಜ್ ತಿಂದಾಂವ ನಾನು." ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ, ಬಂಡಿ, ಪ್ಲೇಟು, ಬಂದಾಗದ ಎಂಜಿನ್ ಎಲ್ಲವನ್ನೂ ತಲೆ ತಗ್ಗಿಸಿ ಒಪ್ಪಿಸಿದರು. ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ.

"ಹಂಗಾದ್ರ ತಿಂಗಳಿಡೀ ನಾ ಕುಕ್ಕಿ ಕುಕ್ಕಿ ಒಗ್ದಿದ್ದು ಬಜ್ಜಿ ಅಂಗಿ ಏನ್ರಿ?"

ಇನ್ನೊಂದು ತಿಂಗಳ ಪರೀಕ್ಷೆ ನಿಗದಿಯಾಯಿತು. ಮಾವ ಸೆಲ್ಫ್ ರಿಪೇರಿ ಮಾಡಿಸಿದರು. ಅತ್ತೆ ರೊಟ್ಟಿ ಬುತ್ತಿ ಕಟ್ಟಿಕೊಂಡು ದಿನಾ ಕ್ಯಾಬಿನ್ನಿನಲ್ಲಿ ಕುಳಿತರು. ಗಾದಿಗನೂರಿನಲ್ಲಿ ಲಾರಿ ಒಮ್ಮೆಯೂ ನಿಲ್ಲಲಿಲ್ಲ. ಆವರೇಜ್ ಮಾಮೂಲಿ ಡೀಸೆಲ್‌ಗಿಂತ ಚೂರೇ ಚೂರು ಕಡಿಮೆ ಬಂತು, ಮಾಲೀಕರು ಒಪ್ಪಿದರು. ಶೆಡ್ಡೂ ಉಳಿಯಿತು, ನಾನೂ ಉಳಿದೆ.

ಪೇಡೆ ಹಿಡಿದುಕೊಂಡು ಮಾವನ ಬಳಿ ಓಡಿದೆ. ಅವರು ಸೊರಗಿದ್ದರು. "ನಿನ್ನ ನೌಕರಿ ಉಳೀತಲ್ಲ, ಬಿಡು" ಎಂದು ಬೆನ್ನು ತಟ್ಟಿದರು. ಆಮೇಲೆ ಅತ್ತೆ ಒಳಗಿರುವುದನ್ನು ಖಚಿತ ಮಾಡಿಕೊಂಡು ಕಿವಿಯಲ್ಲಿ ಕೇಳಿದರು:

"ಆ ಎಣ್ಣಿ ಹಾಗಲಕಾಯಿ ವಾಸನಿ ಬರಂಗ ಮಾಡಾಕ ಆಗತೈತೇನು ನೋಡಪಾ. ದಿನಾ ಆ ದಾರಿ ದಾಟೂದು ಭಾಳ ತ್ರಾಸ ಆಗೇತಿ."

ಆಗುವುದಿಲ್ಲ ಮಾವಾ ಎನ್ನಲು ನನಗೆ ಬಾಯಿ ಬರಲಿಲ್ಲ. ಪ್ರಯತ್ನ ಮಾಡ್ತೀನಿ ಎಂದು ಸುಳ್ಳು ಹೇಳಿ ಬಂದೆ.