ಒತ್ತೆಗೆ ಹೋದ ಬಂದೂಕು

ಪಡೆಗೆ ಆಳು ತೆಗೆದುಕೊಂಡ ದಿನ ನಾನೂ ಸಾಲಿನಲ್ಲಿ ನಿಂತಿದ್ದೆ. ಎದೆ ಅಳೆಯುವವನು ಟೇಪನ್ನು ಎರಡು ಸಲ ನೋಡಿ, “ಉಸಿರು ಎಳ್ಕೋ” ಅಂದ. “ಎಳ್ಕೊಂಡೇ ಇದೀನಿ” ಅಂದೆ. ಅಲ್ಲಿಗೆ ನನ್ನ ಸೈನಿಕ ಜೀವನ ಮುಗಿಯಿತು. ನನ್ನ ಹಿಂದೆ ನಿಂತಿದ್ದ ಮಬ್ಖೂತ್‌ನನ್ನು ತೆಗೆದುಕೊಂಡರು. ಅವನು ನಮ್ಮ ಕಣಿವೆಯ ಬಾಯಲ್ಲಿರುವ ತಪಾಸಣೆ ಗೇಟಿಗೆ ಕಾವಲುಗಾರನಾದ. ನಾನು ಅದರ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಕೂಲಿಯವನಾದೆ.

ಯೆಮೆನ್ ಹೋಳುಹೋಳಾಗಿರುವ ಈ ಕಾಲದಲ್ಲಿ ಶಬ್ವಾ ಪ್ರಾಂತ್ಯದ ನಮ್ಮ ಕಡೆಗೆ ಬಂದೂಕು, ಸಮವಸ್ತ್ರ, ಸಂಬಳ ಎಲ್ಲವೂ ಮರಳುಗಾಡಿನಾಚೆಯ ಸಿರಿವಂತ ದೇಶದಿಂದ ಬರುತ್ತದೆ. ಆಳುಗಳು ಮಾತ್ರ ಇಲ್ಲಿಯವರೇ. ಯಾವ ಕುಲದ ನೆಲವೋ ಆ ಕುಲದವನೇ ಅಲ್ಲಿ ಕಾವಲು. ಮಬ್ಖೂತ್ ಮೊದಲು ಜೇನು ಸಾಕುತ್ತಿದ್ದ. ಎಲಚಿ ಮರ ಹೂ ಬಿಟ್ಟಲ್ಲಿಗೆ ಪೆಟ್ಟಿಗೆಗಳನ್ನು ಹೊತ್ತು ಅಲೆಯುತ್ತಿದ್ದ. ಗೇಟಿನಲ್ಲಿ ಅವನು ಮೊದಲ ದಿನ ತಡೆದದ್ದು ಸ್ವಂತ ಸೋದರಮಾವನ ಗಾಡಿಯನ್ನು.

“ಗುರುತಿನ ಚೀಟಿ ತೋರ್ಸು, ಮಾವ.”

“ನಿಂಗೆ ಹೆಸರಿಟ್ಟೋನೇ ನಾನು ಕಣೋ. ನೀನು ಯಾರು ಅಂತ ನಾನು ಹೇಳ್ಬೇಕು, ನೀನು ನನ್ನ ಕೇಳ್ತೀಯಾ?”

ಆಮೇಲೆ ಅತ್ತೆಯ ಮಂಡಿನೋವು, ಈದ ಒಂಟೆ, ಎಲ್ಲದರ ಕುಶಲವೂ ಆಯಿತು. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ನನಗೋ ಒಂದೇ ಕುತೂಹಲ: ಇವನು ಯಾರ ಆಳು? ಸಂಬಳ ಕೊಡುವವರ ಆಳೋ, ಸೋದರಮಾವನ ಆಳೋ?

ಉತ್ತರ ಬಂದದ್ದು ಬಾವಿಯ ಕಡೆಯಿಂದ. ನೀರಿನ ಸರದಿಯ ಜಗಳದಲ್ಲಿ ಮಬ್ಖೂತ್‌ನ ಚಿಕ್ಕಪ್ಪನ ಮಗ ಪಕ್ಕದ ಕುಲದವನೊಬ್ಬನ ತಲೆ ಒಡೆದ. ಪೆಟ್ಟು ತಿಂದವನ ಅಣ್ಣ ಜಮಾನ್, ಜೀಪು ತುಂಬ ಬಂದೂಕು ತಂದ. ನಮ್ಮವರೂ ಸುಮ್ಮನೆ ಕೂರಲಿಲ್ಲ. ಇಂಥ ಹೊತ್ತಿನಲ್ಲಿ ತಪ್ಪು ಮಾಡಿದ ಕಡೆಯವರು ಮೂರನೆಯ ಕುಲದ ಹಿರಿಯನ ಮುಂದೆ ಬಂದೂಕನ್ನು ಒತ್ತೆ ಇಟ್ಟುಬಿಟ್ಟರೆ, ತೀರ್ಪಾಗುವವರೆಗೆ ಯಾರೂ ಗುಂಡು ಹಾರಿಸುವಂತಿಲ್ಲ. ಗೇಟಿನಿಂದ ಮಬ್ಖೂತ್ ಓಡಿದ. ಹಿರಿಯ ಅವಧಜ್ಜನ ಅಂಗಳಕ್ಕೆ ನುಗ್ಗಿ, ಹೆಗಲಲ್ಲಿದ್ದದ್ದನ್ನು ಅವನ ಕಾಲ ಬಳಿ ಇಟ್ಟ. ಜಗಳ ನಿಂತಿತು. ಹೆಗಲಲ್ಲಿದ್ದದ್ದು ಪಡೆಯ ಬಂದೂಕು ಎಂಬುದು ಅವನಿಗೆ ನೆನಪಾದದ್ದು ಚಹಾ ಕುಡಿಯುವಾಗ.

ಆ ವಾರವೇ ಆಚೆ ದೇಶದ ಅಧಿಕಾರಿ ಅಬೂ ಸುಹೈಲ್ ಬಂದೂಕುಗಳ ನಂಬರು ನೋಡಲು ಬರುವವನಿದ್ದ. ಬಂದೂಕು ಇಲ್ಲದವನಿಗೆ ಕೆಲಸವೂ ಇಲ್ಲ. ಮಬ್ಖೂತ್‌ನ ಸಂಬಳದಲ್ಲಿ ಎರಡು ಮನೆಯ ಒಲೆ ಉರಿಯುತ್ತಿತ್ತು. ನಮ್ಮ ತಾತನ ಹಳೇ ಕೋವಿಯನ್ನು ಹೊತ್ತುಕೊಂಡು ನಾನೂ ಅವನ ಜೊತೆ ಜಮಾನ್ ಬಳಿಗೆ ಹೋದೆ. ಒತ್ತೆ ಬದಲಿಸಬೇಕಾದರೆ ಪೆಟ್ಟು ತಿಂದ ಕಡೆಯವರು ಒಪ್ಪಬೇಕು.

ಜಮಾನ್ ಕೋವಿಯನ್ನು ನೋಡಿದ, ನನ್ನನ್ನೂ ನೋಡಿದ. “ಇದು ಹಾರುತ್ತಾ?”

“ನನ್ನ ಮದುವೇಲಿ ಹಾರಿಸೋಣ ಅಂತಿದ್ದೆ” ಅಂದೆ.

“ಹಾಗಾದ್ರೆ ಇನ್ನೂ ಬೇಕಾದಷ್ಟು ಟೈಮಿದೆ, ಎತ್ತಿಡು.” ಮಬ್ಖೂತ್ ಕಡೆ ತಿರುಗಿದ. “ನಿನ್ನ ಹಿಂದೆ ಒಂದು ದೇಶಾನೇ ಜಾಮೀನು ನಿಂತಿದೆ ಅಂತ ನಮ್ಮೋರು ತಣ್ಣಗಾಗಿದಾರೆ. ಈಗ ಈ ಕೋಲು ತೋರ್ಸಿದ್ರೆ ಮತ್ತೆ ಜೀಪು ಹತ್ತಿಬಿಡ್ತಾರೆ. ಆಗಲ್ಲ, ಮಾರಾಯ.”

ಅಬೂ ಸುಹೈಲ್ ಬಂದ. “ಬಂದೂಕೆಲ್ಲಿ?”

“ಅವಧಜ್ಜನ ಮನೇಲಿ, ಸಾರ್. ಒತ್ತೆ ಇಟ್ಟಿದೀನಿ.”

ಅಧಿಕಾರಿ ಬೈಯುತ್ತಾನೆ ಅಂದುಕೊಂಡೆ. ಅವನು ನಡೆದುಕೊಂಡು ಹೋಗಿ, ಅವಧಜ್ಜನ ಅಂಗಳದಲ್ಲಿ ಬೂಟು ಬಿಚ್ಚಿ ಕುಳಿತ. ಜಮಾನ್ ಆಗಲೇ ಅಲ್ಲಿದ್ದ. ನಾನೂ ಹೋಗಿದ್ದೆ, ಯಾರೋ ಬಿಟ್ಟುಹೋದ ಟೈರು ಅಂಗಡಿಯಲ್ಲಿ ಕಾಯುತ್ತಿತ್ತು, ಕಾಯಲಿ.

“ಅಜ್ಜ, ಇದು ಸರಕಾರದ ಸೊತ್ತು” ಅಂದ ಅಬೂ ಸುಹೈಲ್.

“ತಗೊಂಡು ಹೋಗಪ್ಪ” ಅಂದ ಅವಧಜ್ಜ, ಕಾಫಿ ಬಗ್ಗಿಸುತ್ತ. “ಹೋಗೋ ಮುಂಚೆ ಬಾವಿ ಹತ್ರ ನಿಂತು ಎರಡೂ ಕಡೆಯೋರಿಗೆ ನೀನೇ ಹೇಳ್ಬಿಡು, ಇನ್ನು ಹೊಡೆದಾಡ್ಕೋಬಹುದು ಅಂತ.”

ಅಧಿಕಾರಿ ಕಾಫಿ ಕುಡಿದ. ಬಂದೂಕನ್ನು ಮುಟ್ಟದೆ, ಬಗ್ಗಿ ನಂಬರು ಓದಿದ. “ನಮ್ಮ ತಾತನೂ ಒಂದ್ಸಲ ಹೀಗೆ ಇಟ್ಟಿದ್ದ. ಅದು ಅವನ ಸ್ವಂತದ್ದು.” ಆಮೇಲೆ ಮಬ್ಖೂತ್‌ಗೆ ಮೆಲ್ಲಗೆ ಹೇಳಿದ: “ಇವರು ಕಿತ್ಕೊಂಡ್ರು ಅಂತ ಹೇಳು. ನಾನು ಹುಡುಗರನ್ನ ಕಳಿಸಿ ತರಿಸ್ತೀನಿ. ನಿನ್ನ ಕೆಲಸ ಉಳಿಯುತ್ತೆ.”

ಜಮಾನ್ ತಲೆಯೆತ್ತಿದ.

“ಯಾರೂ ಕಿತ್ಕೊಂಡಿಲ್ಲ ಸಾರ್. ನಾನೇ ಇಟ್ಟಿದ್ದು.” ಮಬ್ಖೂತ್ ಟೋಪಿ ತೆಗೆದ. ಗುಂಡಿ ಬಿಚ್ಚಿ ಸಮವಸ್ತ್ರದ ಅಂಗಿಯನ್ನೂ ತೆಗೆದ. ಮಡಚಲು ಬಾರದವನಂತೆ ಎರಡು ಸಲ ಮಡಚಿ ಅಧಿಕಾರಿಯ ಮುಂದೆ ಚಾಚಿದ. “ಬಂದೂಕು ಇಲ್ಲೇ ಇರ್ಲಿ. ಇದನ್ನ ತಗೊಳ್ಳಿ.”

ಅಬೂ ಸುಹೈಲ್ ಅಂಗಿ ತೆಗೆದುಕೊಂಡು ಎದ್ದ. ಬಂದೂಕನ್ನು ಅಲ್ಲೇ ಬಿಟ್ಟು, ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು, ಬೂಟು ಹಾಕಿಕೊಳ್ಳಲು ಹೊರಗೆ ಹೋದ.

ಮಬ್ಖೂತ್ ಬನಿಯನ್ನಿನಲ್ಲಿ ನಿಂತಿದ್ದ. ಜಮಾನ್ ಎದ್ದು ಬಂದು ತನ್ನ ಹೆಗಲ ಶಾಲನ್ನು ಅವನ ಮೇಲೆ ಎಸೆದ.

“ತೀರ್ಪಾದ್ಮೇಲೆ ವಾಪಸ್ ಕೊಡು” ಅಂದ. “ಒಗೆದು ಕೊಡು.”