ಮೇಸ್ತ್ರಿಯ ಜೋಗುಳದ ಪೆಟ್ಟಿಗೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರಿದ್ದರು. ಪವರ್‌ಲೂಮುಗಳ ಸದ್ದಿನಲ್ಲೇ ದುಡಿದು ಅವರ ಕಿವಿ ಮಂದವಾಗಿತ್ತು. ಕೆಲಸ ಎಲ್ಲಿಗೆ ಬಂತೆಂದು ಯಾವಾಗ ಕೇಳಿದರೂ, ‘ಇನ್ನೊಂದ ಚೂರು ಐತ್ರಿ’ ಎನ್ನುತ್ತಿದ್ದರು.

ಕಿವಿ ಪೂರ್ತಿ ಹೋಗುವುದರೊಳಗೆ ಹೆಂಡತಿಯ ಜೋಗುಳವನ್ನು ಪೆಟ್ಟಿಗೆಯೊಂದರಲ್ಲಿ ಹಿಡಿದಿಡಬೇಕೆಂದು ಅವರ ಹಟ. ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದಲ್ಲ ಎಂದೆ.

‘ಮೊಬೈಲ್ ಕೇಳಾಕ ಕಿವಿ ಬೇಕ್ರಿ. ಇದು ಎಲುಬಿಗೂ ಕೇಳಸತೈತಿ.’

ಮರದ ಉರುಳೆಗೆ ಸಣ್ಣ ಮೊಳೆ ಬಡಿದರು. ಆ ಮೊಳೆಗಳು ಮೀಟಲೆಂದು ಗೋಡೆ ಗಡಿಯಾರದ ಸ್ಪ್ರಿಂಗ್ ಕತ್ತರಿಸಿ ಪಟ್ಟಿಗಳನ್ನು ಸಾಲಾಗಿ ಕೂರಿಸಿದರು. ಪೆಟ್ಟಿಗೆಗೆ ಗದ್ದದ ಎಲುಬು ಒತ್ತಿ, ಹಿಡಿಕೆ ತಿರುಗಿಸುತ್ತ ಸ್ವರ ಹುಡುಕಿದರು.

ಒಂದು ಮಧ್ಯಾಹ್ನ ನನ್ನನ್ನೂ ಕರೆದರು. ಜೋಳ ಹಸನು ಮಾಡುತ್ತಿದ್ದ ಹೆಂಡತಿಯೆದುರು ಹಿಡಿಕೆ ತಿರುಗಿಸಿದರು. ಆಕೆ ಮೊರ ಕೆಳಗಿಟ್ಟು ಕಿವಿಗೊಟ್ಟರು.

‘ನಡುವ ಒಂದ ಸ್ವರ ಇಳದೈತ್ರಿ’ ಎಂದು ಕೈ ತಗ್ಗಿಸಿ ತೋರಿಸಿದರು.

ಮೇಸ್ತ್ರಿಯ ಮುಖ ಬಾಡಿತು. ಆ ಪಟ್ಟಿಯ ತುದಿಯನ್ನು ಅರದಿಂದ ಉಜ್ಜಿ ಮತ್ತೆ ತಿರುಗಿಸಿದರು.

ಈ ಸಲ ಆಕೆ ಮೊರ ಎತ್ತಿಕೊಂಡು ಜೋಳ ಕೇರುತ್ತ, ಪೆಟ್ಟಿಗೆಯ ಜೊತೆಗೇ ಗುನುಗತೊಡಗಿದರು. ಆ ಗುನುಗು ಮೇಸ್ತ್ರಿಗೆ ಕೇಳಿಸಲಿಲ್ಲ. ಆಕೆಯ ತುಟಿ ಅಲುಗುವುದನ್ನು ಕಂಡು, ಗೋಡೆಗೊರಗಿ ಉದ್ದಕ್ಕೆ ಉಸಿರು ಬಿಟ್ಟರು.