ಮತ್ತೊಮ್ಮೆ ಅಳೆಯುವ ಡಾಕ್ಟರು

ರಾಣೆಬೆನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ನನಗೆ, ಮಗಳ ಹೃದಯ ನೋಡಿದ ಆ ಡಾಕ್ಟರು ಮೊದಲು ಶುದ್ಧ ಅಂಜುಬುರುಕರಾಗಿ ಕಂಡರು. ಗುತ್ತಲ ಕಡೆಯವರು. ಕನ್ನಡಕ ಹಣೆಗೇರಿಸಿ, “ಇನ್ನೊಮ್ಮೆ ನೋಡೂಣ್ರಿ” ಅನ್ನುವರು. ತೂಕದ ಯಂತ್ರವನ್ನೂ ನಂಬದೆ ಮಗಳನ್ನು ಎರಡು ಸಲ ತೂಗಿದ್ದರು.

ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳ ಕಿರಿದಾಗಿದೆಯೆಂಬ ಅನುಮಾನವಿತ್ತು. ತೊಡೆಯಿಂದ ಸಣ್ಣ ನಳಿಗೆ ಏರಿಸಿ ಅಲ್ಲಿನ ಒತ್ತಡ ಅಳೆಯಬೇಕು. ಹೆಚ್ಚು ಬಂದರೆ ಎದೆ ಕೊಯ್ಯಬೇಕು.

“ನಾ ಪೈಪಿಗೆ ಕೈ ಹಚ್ಚಿ ಪ್ರೆಶರ್ ಹೇಳತೇನ್ರಿ ಸಾಹೇಬ್ರ,” ಎಂದೆ.

“ಹಂಗಾರ ನೀವ ಒಳಗ ಹೋಗ್ರಿ, ನಾ ಹೊರಗ ಕುಂದರತೇನಿ,” ಎಂದು ನಕ್ಕರು.

ಎರಡು ತಾಸಿನ ಮೇಲೆ ಬೆವರೊರೆಸುತ್ತ ಹೊರಬಂದರು.

“ಮೊದಲ ಹೆಚ್ಚ ಬಂತ್ರಿ. ಆಪರೇಷನ್ ಅಂತ ಬರದೂ ಬಿಟ್ಟಿದ್ದೆ. ಆಮ್ಯಾಲ ನೋಡಿದ್ರ, ನಳಿಗಿಗೆ ಹಚ್ಚಿದ ಪ್ರೆಶರ್ ಗೇಜು ನಾ ಕೂಸಿನ ಎದಿಗಿಂತ ಕೆಳಗ ಇಟ್ಟಿದ್ದೆ. ತಪ್ಪು ನಂದ. ಎದಿ ಮಟ್ಟಕ್ಕ ಎತ್ತಿ ಅಳದೆ, ಸರಿ ಐತಿ. ಕೊಯ್ಯೂದು ಬ್ಯಾಡ.”

ನಳಿಗೆಯಾಗಲಿ ಪೈಪಾಗಲಿ, ಗೇಜು ತಗ್ಗಿನಲ್ಲಿದ್ದರೆ ಒಳಗಿನ ನೀರಿನ ಭಾರವೂ ಅದರ ಲೆಕ್ಕಕ್ಕೆ ಸೇರಿ ಒತ್ತಡ ಹೆಚ್ಚು ತೋರಿಸುತ್ತದೆ. ಹಿಂದೊಮ್ಮೆ ನಾನೂ ಅದೇ ತಪ್ಪು ಮಾಡಿ, ಪೈಪು ಕಟ್ಟಿಕೊಂಡಿದೆಯೆಂದು ಬ್ಯಾಡಗಿಯ ಗಿರಾಕಿಯೊಬ್ಬರ ಹೊಲವನ್ನೆಲ್ಲ ಅಗೆಸಿದ್ದೆ. ತಪ್ಪು ನನ್ನದೆಂದು ಅವರಿಗೆ ಹೇಳಿರಲೇ ಇಲ್ಲ.

ಮಗಳನ್ನು ಮನೆಗೆ ಕರೆತಂದ ಮರುದಿನವೇ ಬ್ಯಾಡಗಿ ಬಸ್ಸು ಹತ್ತಿದೆ.